ಬಟವಾಡೆಯಾಗದ ತಂತಿಗಳು

ಈ ಸಲವೂ ಅದು ಬಂದದ್ದು ಊಟದ ಹೊತ್ತು ಕಳೆದ ಮೇಲೆಯೇ. ಮೂಲೆಯ ಟೆಲಿಪ್ರಿಂಟರು ಗಂಟೆ ಹೊಡೆದು ಕಾಗದ ಉಗುಳತೊಡಗಿದಾಗ ಜಮಾಲ್ ಸಾಬ್ ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಮಡಿಸಿ ಬಿಡಿಸುತ್ತ ಕೂತಿದ್ದ. ಎದ್ದು ನೋಡುವ ಮೊದಲೇ ಅದು ಏನೆಂದು ಅವನಿಗೆ ಗೊತ್ತಾಗಿತ್ತು. ದಾವಣಗೆರೆಯ ತಂತಿ ಕಚೇರಿಗೆ ಇಂಥ ಸರ್ವಿಸುಗಳು ಹೊಸವಲ್ಲ. ಇಲ್ಲಿಂದ ಹೋದ ತಂತಿ ಮುಟ್ಟಬೇಕಾದವರಿಗೆ ಮುಟ್ಟದಿದ್ದರೆ ಆ ಊರಿನ ಕಚೇರಿ ಹಿಂದಕ್ಕೆ ಒಂದು ಸಾಲು ಕಳಿಸುತ್ತದೆ: ವಿಳಾಸ ಸಾಲದು, ಮನೆಗೆ ಬೀಗ, ಊರು ಬಿಟ್ಟಿದ್ದಾರೆ, ತೀರಿಹೋಗಿದ್ದಾರೆ. ಆ ಸಾಲನ್ನು ತಂತಿ ಕೊಟ್ಟವನ ಮನೆಗೆ ಮುಟ್ಟಿಸಿ ಸಹಿ ಹಾಕಿಸಿಕೊಂಡರೆ ಕಚೇರಿಯ ಋಣ ತೀರಿತು. ಇಪ್ಪತ್ತು ವರ್ಷದಿಂದ ಬೇರೆಯವರ ಅಂಥ ಸಾಲುಗಳನ್ನು ಕಿವಿಯಿಂದ ಕೈಗೆ ಇಳಿಸಿಕೊಂಡು ಬಂದವನು ಅವನು. ಅವುಗಳಲ್ಲಿ ತನ್ನ ಹೆಸರೇ ಬರತೊಡಗಿ ಎಷ್ಟು ದಿನವಾಯಿತೆಂದು ಈಗ ನೆನೆಯಲು ಹೋದರೆ ಲೆಕ್ಕ ಸಿಗುತ್ತಿರಲಿಲ್ಲ.

ಕಾಗದ ಹರಿದು ಓದಿದವನು ಕೌಂಟರಿನ ಗುಮಾಸ್ತ ಶಿವಯೋಗಪ್ಪ. ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿಗೆ ಹಚ್ಚುವಷ್ಟು ಹತ್ತಿರ ಹಿಡಿದು, ಇಡೀ ಕಚೇರಿಗೆ ಕೇಳುವಂತೆ ಓದಿದ. "ಗದಗದಿಂದ. ದಿಲ್ಷಾದ್ ಬೇಗಂ ಎಂಬವರು ಈ ವಿಳಾಸದಾಗೆ ಇಲ್ಲ. ಬಟವಾಡೆಯಾಗಿಲ್ಲ. ಕಳಿಸಿದೋರು ಜಮಾಲ್ ಸಾಬ್, ದಾವಣಗೆರೆ. ಮೊದ್ಲು ಹುಬ್ಬಳ್ಳಿ, ಆಮ್ಯಾಲೆ ಸೊಲ್ಲಾಪುರ, ಈಗ ಗದಗ. ಏನ್ ಸಾಬ್ರೆ, ನಿಮ್ಮ ಬೇಗಮ್ಮು ಒಂದೂರಾಗೆ ನಿಲ್ಲಂಗೇ ಇಲ್ಲಲ್ಲ!"

"ಎಲ್ಲೋ ತಪ್ಪಾಗೈತೆ ಬಿಡ್ರಿ."

"ತಪ್ಪು ಒಂದ್ ಸಲ ಆಗ್ತೈತೆ. ಇದು ನಮ್ಮ ಕೌಂಟರ್ನಾಗೆ ಬುಕ್ಕೇ ಆಗಿಲ್ಲ, ನಾನೇ ನೋಡೀನಿ. ಕೊಡದ ತಂತಿ ಹೋಗೋದು ಹೆಂಗೆ, ಹೋಗದ ತಂತಿ ವಾಪಸ್ ಬರೋದು ಹೆಂಗೆ?" ಎಂದು ಶಿವಯೋಗಪ್ಪ ಕಾಗದವನ್ನು ಗೋಡೆಯ ಬದಿಯ ಮೊಳೆಗಂಬಿಗೆ ಚುಚ್ಚಿದ. ಮೇಲಿನವರಿಗೆ ಬರೆದು ಕೇಳಿದಾಗ ಬಂದಿದ್ದ ಅಪ್ಪಣೆ ಅಷ್ಟೇ: ನಿಮ್ಮಲ್ಲಿ ಬುಕ್ ಆಗದ ತಂತಿಯ ಸರ್ವಿಸು ಬಂದರೆ ಉತ್ತರ ಕೊಡಬೇಡಿ, ಹುಡುಕಲು ಹೋಗಬೇಡಿ, ಒಂದು ಕಡೆ ಚುಚ್ಚಿಡಿ. ಚುಚ್ಚಿದ್ದರ ಮೇಲೆ ಚುಚ್ಚಿದ್ದು ಕೂತು ಫ್ಯಾನಿನ ಗಾಳಿಗೆ ಅಲುಗುತ್ತಿತ್ತು. ಬಟವಾಡೆಗೆ ಹೊರಟಿದ್ದ ಇಬ್ಬರು ಬಾಗಿಲಲ್ಲೇ ನಿಂತು ನಕ್ಕರು. ಜಮಾಲ್ ಸಾಬನೂ ನಕ್ಕ. ನಗದಿದ್ದರೆ ಇನ್ನೂ ಕೇಳುತ್ತಾರೆ.

ಯಾರಿಗೂ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು. ಆ ತಂತಿಗಳನ್ನು ಕಳಿಸಿದವನು ಅವನೇ. ಆದರೆ ಕಳಿಸಿದ್ದು ಸತ್ತ ಲೈನಿಗೆ. ಹರಿಹರ ದಾಟಿ, ಹೊಳೆಗುಂಟ ಉಕ್ಕಡಗಾತ್ರಿಯ ಕಡೆ ಹೋಗುತ್ತಿದ್ದ ಹಳೆಯ ಲೈನು ಅದು. ಆ ತುದಿಯಲ್ಲಿದ್ದ ಸಣ್ಣ ಕಚೇರಿ ಹೊಳೆಗೆ ನೆರೆ ಬಂದ ವರ್ಷ ಮುಚ್ಚಿದ ಮೇಲೆ ಅದರ ಸುದ್ದಿ ಬಡಿಯುವ ಕೀ, ಅದಕ್ಕೆ ಉತ್ತರವಾಗಿ ಟಕಟಕಿಸುವ ಹಿತ್ತಾಳೆಯ ಸೌಂಡರು ಎರಡೂ ಹಿಂದಿನ ಕೋಣೆಯ ಕಿಟಕಿಯ ಪಕ್ಕ ಧೂಳು ತಿನ್ನುತ್ತ ಉಳಿದಿದ್ದವು. ಟೆಲಿಪ್ರಿಂಟರು ಬಂದು ಮೋರ್ಸ್ ಕೈಗಳೆಲ್ಲ ಒಬ್ಬೊಬ್ಬರಾಗಿ ಬೇರೆ ಕೆಲಸಕ್ಕೆ ಸರಿದು, ಈ ಕಚೇರಿಯಲ್ಲಿ ಆ ಟಕಟಕವನ್ನು ಮಾತಾಗಿ ಕೇಳಬಲ್ಲವನು ಅವನೊಬ್ಬ ಉಳಿದಿದ್ದ. ಅವನ ಕೈಯೂ ಹಿಡಿಯತೊಡಗಿತ್ತು, ಕೀ ಬಡಿಯುವವರಿಗೆ ವಯಸ್ಸಾದಂತೆ ಹಿಡಿಯುವ ಹಾಗೆ. ಬೆರಳು ಬಗ್ಗಿರಲೆಂದು ಮಧ್ಯಾಹ್ನದ ಬಿಡುವಿನಲ್ಲಿ ಅವನು ಆ ಸತ್ತ ಲೈನಿನ ಮುಂದೆ ಕೂತು ರೂಢಿಗಾಗಿ ಬಡಿಯುತ್ತಿದ್ದ. ರೂಢಿಗೆ ಏನಾದರೂ ಬೇಕಲ್ಲ. ಯಾರಿಗೆ, ಯಾವ ಊರು, ಏನು ಸುದ್ದಿ. ಕೈಗೆ ತಾನಾಗಿ ಬಂದದ್ದು ಒಂದೇ ಹೆಸರು. ಊರುಗಳು ಮಾತ್ರ ಬದಲಾಗುತ್ತಿದ್ದವು. ಸುದ್ದಿಯೂ ಒಂದೇ, ದಿನಾ ಎಷ್ಟೋ ಮನೆಗಳಿಗೆ ಅವನ ಬೆರಳಿನಿಂದಲೇ ಹೋಗುತ್ತಿದ್ದದ್ದು: ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ.

ಮಗಳು ದಿಲ್ಷಾದಳನ್ನು ಯಾರೂ ಯಾರಿಗೂ ಕೊಟ್ಟಿರಲಿಲ್ಲ. ಕೊಡುವ ಮಾತನ್ನು ಯಾರೂ ಆಡಿರಲಿಲ್ಲ. ವಿನೋಬನಗರದಲ್ಲಿ ಇವರಿದ್ದ ವಠಾರದ ಕೊನೆಯ ಕೋಣೆಯಲ್ಲಿ ಅತ್ತರು ಮಾರುವ ಲಾಲ್ ಸಾಬ್, ಅವನ ಹೆಂಡತಿ ಸುಗ್ರಾಬಿ ಇದ್ದರು, ಮಕ್ಕಳಿಲ್ಲದವರು. ಜಮಾಲ್ ಸಾಬನ ಹೆಂಡತಿ ಶಹರ್ಬಾನು ಒಂದರ ಹಿಂದೆ ಒಂದು ಹೆತ್ತು ಬಾಣಂತಿ ಜ್ವರದಲ್ಲಿ ಮಲಗಿದ್ದ ಕಾಲ. ಹುಡುಗಿ ಹಗಲೆಲ್ಲ ಸುಗ್ರಾಬಿಯ ಸೆರಗಿಗೆ ಜೋತುಬಿದ್ದು, ರಾತ್ರಿಯೂ ಅಲ್ಲೇ ಉಂಡು ಅಲ್ಲೇ ಮಲಗುವುದು ರೂಢಿಯಾಗಿತ್ತು. ಲಾಲ್ ಸಾಬ್ ಊರು ಬಿಡುವ ದಿನ ಹೆಗಲ ಪೆಟ್ಟಿಗೆ ಸರಿಮಾಡಿಕೊಳ್ಳುತ್ತ, "ನಾಕ್ ದಿನ ನಮ್ಮ ಜೋಡಿ ಇರ್ಲಿ ಬಿಡ್ರಿ ಭಾಯಿ, ಭಾಭಿ ಚೇತರಿಸ್ಕೊಳ್ಲಿ" ಎಂದ. ಜಮಾಲ್ ಸಾಬ್ ಹೂಂ ಅಂದನೋ, ಸುಮ್ಮನಿದ್ದನೋ. ಸ್ಟೇಷನ್ನಿನವರೆಗೆ ಅವನೇ ಹೊತ್ತುಕೊಂಡು ಹೋದ. ಮಂಡಕ್ಕಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಕಿಟಕಿಯಲ್ಲಿ ಕೂತಿದ್ದ ಹುಡುಗಿ ಅಳಲಿಲ್ಲ. ಗಾಡಿ ಅಲುಗಿದಾಗ ಒಂದು ಕೈ ಬಿಡಿಸಿ, ಸುಗ್ರಾಬಿ ಹಚ್ಚಿದ್ದ ಮೆಹಂದಿ ಕೆಂಪಗೆ ಏರಿದೆಯೋ ನೋಡು ಎಂಬಂತೆ ಅಂಗೈ ತೋರಿಸಿದಳು. ಪೊಟ್ಟಣ ಒಡೆದು ಮಂಡಕ್ಕಿ ಪ್ಲಾಟ್‌ಫಾರಮ್ಮಿನ ಮೇಲೆ ಉದುರಿತು. ಅವನು ಬಗ್ಗಿ ಅದನ್ನು ಆರಿಸತೊಡಗಿದ. ಯಾಕೆ ಆರಿಸಿದೆ ಎಂದು ಇವತ್ತಿಗೂ ತಿಳಿಯದು. ತಲೆಯೆತ್ತಿದಾಗ ಗಾಡಿ ಹೋಗಿತ್ತು. ಮನೆಗೆ ಬಂದಾಗ ಶಹರ್ಬಾನು ಜ್ವರದ ಕಣ್ಣು ತೆರೆದು ಒಂದೇ ಕೇಳಿದಳು: "ಯಾವೂರಿಗೆ ಹೋದ್ರು?" ಅವನು ಕೇಳಿರಲಿಲ್ಲ. ನಾಲ್ಕು ದಿನ ಎಂದಿದ್ದವರು ಬರಲಿಲ್ಲ. ಆಮೇಲೆ ಆ ಮನೆಯಲ್ಲಿ ಆ ಹೆಸರು ಎದ್ದಿಲ್ಲ. ತನ್ನ ತಂಗಿಯ ಮಗಳಿಗೆ ಅದೇ ಹೆಸರಿಟ್ಟಾಗ ಶಹರ್ಬಾನು ಆ ಊಟಕ್ಕೂ ಹೋಗಲಿಲ್ಲ.

ಹೀಗಾಗಿ ಹುಬ್ಬಳ್ಳಿ, ಹೀಗಾಗಿ ಸೊಲ್ಲಾಪುರ. ಅತ್ತರು ಮಾರುವವನು ಹೋಗಬಹುದಾದ ಊರುಗಳು. ಅವನಿಗೆ ಅದು ಹುಡುಕುವುದೆಂದು ಅನಿಸಿರಲಿಲ್ಲ. ಅದು ಬೆರಳಿನ ಕೆಲಸ, ತಸ್ಬೀಹದ ಮಣಿ ಎಣಿಸಿದ ಹಾಗೆ. ಯಾರಿಗೂ ಕೇಳಿಸದು, ಯಾರಿಗೂ ನೋವಿಲ್ಲ. ಈಗ ಮೊಳೆಗಂಬಿಯ ಮೇಲಿನ ಕಾಗದಗಳು ಅಲುಗುವಾಗ, ಒಂದೊಂದು ಊರಿನಲ್ಲೂ ಒಬ್ಬ ಬಟವಾಡೆಯವ ಸೈಕಲ್ಲಿನಿಂದಿಳಿದು ಯಾವುದೋ ಬಾಗಿಲು ಬಡಿದದ್ದು, ಒಳಗಿನ ಹೆಂಗಸರು ತಂತಿ ಎಂದೊಡನೆ ಓದುವ ಮೊದಲೇ ಎದೆ ಬಡಿದುಕೊಂಡದ್ದು, ಆಮೇಲೆ ಹೆಸರು ಕೇಳಿ ನಮ್ಮದಲ್ಲ ನಮ್ಮದಲ್ಲ ಎಂದು ಸಮಾಧಾನಪಟ್ಟದ್ದು ಅವನ ಕಣ್ಣಿಗೆ ಕಟ್ಟುತ್ತಿತ್ತು. ಇದಕ್ಕಿಂತ ಕೆಟ್ಟ ಹೆದರಿಕೆ ಇನ್ನೊಂದಿತ್ತು. ಈ ಮಾತು ಮನೆಗೆ ಮುಟ್ಟುವುದು. ತಾನು ತುಟಿಗೂ ತರದೆ ನುಂಗಿಕೊಂಡ ಹೆಸರನ್ನು ಗಂಡ ಕೈಯ ಜೋಮು ಬಿಡಿಸಿಕೊಳ್ಳಲು ಬಳಸಿದ ಎಂಬುದು ಶಹರ್ಬಾನುಗೆ ತಿಳಿಯುವುದು. ಅದೂ, ಅವಳು ನಿಜವಾಗಿ ಹಾಸಿಗೆ ಹಿಡಿದಿರುವಾಗ.

ಕಾಲಿನ ಬಾವು ಮೊದಲು ಬಂತು, ಆಮೇಲೆ ಉಸಿರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಉಪ್ಪು ಬಿಡಿಸಿ, ಮೆಟ್ಟಿಲು ಹತ್ತಿಸಬೇಡಿ ಎಂದಿದ್ದರು. ಹಿರಿಮಗಳು ಬಿಲ್ಕೀಸ್ ಗಂಡನ ಮನೆಯಿಂದ ಬಂದು ಅಡಿಗೆ ನೋಡಿಕೊಳ್ಳುತ್ತಿದ್ದಳು. ಅವನು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಒಳಗಿನಿಂದ ಬರುವ ಉಸಿರಿನ ಸದ್ದಿಗೆ ಕಿವಿಗೊಡುತ್ತಿದ್ದ. ಗಿಡ್ಡ, ಗಿಡ್ಡ, ಉದ್ದ. ಕಿವಿ ಅದನ್ನು ಅಕ್ಷರವಾಗಿ ಓದಲು ಹೋಗುವುದು. ಎಷ್ಟು ಸಾವಿರ ಸಲ ಬಡಿದಿದ್ದೇನೆ, ಮದರ್ ಸೀರಿಯಸ್, ಮದರ್ ಸೀರಿಯಸ್. ಆಗೆಲ್ಲ ಅವಳು ಹಿತ್ತಲಲ್ಲಿ ಕೊಡ ಎತ್ತಿ ನಡೆಯುತ್ತಿದ್ದಳು. ಬಡಿದ ಮಾತು ಇಲ್ಲದ ಮಗಳಿಗೆ ಮುಟ್ಟದೆ ಸುತ್ತಿ ಸುತ್ತಿ ಕೊನೆಗೆ ಇದ್ದವಳ ಮೈಗೇ ಬಂದು ಇಳಿಯಿತೆ? ಬಿಲ್ಕೀಸ್ ಚಹಾ ತಂದಿಟ್ಟು, "ಯಾಕಬ್ಬಾ, ಬಾಗಿಲಾಗೇ ನಿಂತ್ರಿ? ಒಳಗ ಬರ್ರಿ, ಅಮ್ಮಿ ಕೇಳಾಕ ಹತ್ತ್ಯಾಳ" ಎಂದರೆ, ಕಳ್ಳನಂತೆ ಕಾಲೊರೆಸಿಕೊಂಡು ಒಳಗೆ ಹೋಗುತ್ತಿದ್ದ.

ಲೈನ್‌ಮನ್ ಹಾಲೇಶಪ್ಪನಿಗೆ ಮಾತ್ರ ಅವನು ಅರ್ಧ ಹೇಳಿದ: ದಿನಾ ಮಧ್ಯಾಹ್ನ ಆ ಹೆಸರಿಗೆ ಮದರ್ ಸೀರಿಯಸ್ ಎಂದು ರೂಢಿಗೆ ಬಡಿಯುತ್ತಿದ್ದುದನ್ನು ಹೇಳಿದ, ಆಕೆ ಯಾರೆಂದು ಹೇಳಲಿಲ್ಲ. ಆ ಗಾತ್ರಿ ಲೈನು ನಿಜವಾಗಿ ಸತ್ತಿದೆಯೋ, ಯಾರಾದರೂ ಎಲ್ಲಾದರೂ ಬೇರೆ ತಂತಿಗೆ ಬೆಸೆದಿದ್ದಾರೋ ನೋಡಬೇಕು ಎಂದ. ಹಾಲೇಶಪ್ಪ ಬೀಡಿ ಕಿವಿಗೆ ಸಿಕ್ಕಿಸಿಕೊಂಡು, "ಅದು ದೆವ್ವ ಬಿಡಿಸೋ ಊರಿನ ಲೈನು ಸಾಬ್ರೆ. ಜನದ ಮೈಯಾಗಿಂದ ಬಿಟ್ಟು ಹೋದೋವು ಮನೀಗೆ ಸುದ್ದಿ ಕಳಿಸಬ್ಯಾಡೇನು ಪಾಪ" ಎಂದು ತಾನೇ ಕೆಮ್ಮುವಷ್ಟು ನಕ್ಕ. ಮರುದಿನ ಇಬ್ಬರೂ ಹರಿಹರದಲ್ಲಿ ಬಸ್ಸಿಳಿದು, ಸೇತುವೆಯ ಬದಿಯಿಂದ ಕೆಳಗಿಳಿದು, ಕಂಬದಿಂದ ಕಂಬಕ್ಕೆ ನಡೆದರು. ಬಿಸಿಲು ಬೆಳ್ಳಗೆ ನಿಂತಿತ್ತು. ಕಬ್ಬಿನ ಗದ್ದೆಗಳ ನಡುವೆ ಕಂಬಗಳು ಒಂದೊಂದು ಒಂದೊಂದು ಕಡೆಗೆ ವಾಲಿ, ಬಳ್ಳಿ ಹಬ್ಬಿಸಿಕೊಂಡು, ತಂತಿಯನ್ನು ಮಾತ್ರ ಹಿಡಿದುಕೊಂಡಿದ್ದವು. ಹೊಳೆ ತಿರುಗುವಲ್ಲಿ ದಂಡೆ ಕುಸಿದು ಮುಂದಿನ ಕಂಬವೇ ಇರಲಿಲ್ಲ. ತಂತಿ ಕೊನೆಯ ಕಂಬದಿಂದ ಜೋತು ಇಳಿದು ನೀರೊಳಕ್ಕೆ ಹೋಗಿತ್ತು. ತುದಿ ಕಾಣುತ್ತಿರಲಿಲ್ಲ. ನೀರಿನ ಸೆಳೆತಕ್ಕೆ ಅದು ಸಣ್ಣಗೆ ಬಿಗಿಯುವುದು, ಸಡಿಲುವುದು. ಒಳಗೆ ಯಾರೋ ಬೆರಳಲ್ಲಿ ಹಿಡಿದು ನೋಡುತ್ತಿರುವ ಹಾಗೆ.

"ನೋಡ್ರಿ, ಹೊಳ್ಯಾಗ ಬಿದ್ದೈತೆ. ಇದ್ರಾಗ ಏನು ಹೋಗ್ತೈತ್ರಿ? ಮೀನಿಗೆ ಹೋಗಬೇಕಷ್ಟೆ" ಎಂದ ಹಾಲೇಶಪ್ಪ. ಜಮಾಲ್ ಸಾಬ್ ಕಂಬಕ್ಕೆ ಅಂಗೈ ಇಟ್ಟ. ಬಿಸಿಲಿಗೆ ಕಾದ ಕಬ್ಬಿಣ. ಅದರೊಳಗೆ ಒಂದು ಗುಂಯ್‌ಗುಡುವಿಕೆ ಇತ್ತು, ಗಾಳಿ ಇರಲಿಲ್ಲ. ಅವನು ಕೈ ತೆಗೆದುಬಿಟ್ಟ. ಬಸ್ಸಿನಲ್ಲಿ ವಾಪಸು ಬರುವಾಗ, ಆಯಿತು, ಇನ್ನು ಆ ಕೀ ಮುಟ್ಟುವುದಿಲ್ಲ ಎಂದು ತನ್ನಷ್ಟಕ್ಕೆ ಆಣೆಯಿಟ್ಟುಕೊಂಡ. ಮಧ್ಯಾಹ್ನಗಳಲ್ಲಿ ಹಿಂದಿನ ಕೋಣೆಗೆ ಹೋಗದೆ ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕೂತು ಬೆರಳು ಮಡಿಸಿ ಬಿಡಿಸಿದ. ಬೆರಳು ಮರದ ತುಂಡಿನಂತೆ ಬಿಗಿಯಿತು.

ನಿಲ್ಲಿಸಿದ ಮೇಲೂ ಒಂದು ಬಂತು. ಈ ಸಲ ಶಿವಯೋಗಪ್ಪ ಗಟ್ಟಿಯಾಗಿ ಓದಲಿಲ್ಲ. ಕಾಗದವನ್ನು ಹಿಡಿದುಕೊಂಡು ಅವನ ಬಳಿಗೇ ಬಂದು, ಕುರ್ಚಿ ಎಳೆದುಕೊಂಡು ಕೂತ. ಕೊಲ್ಲಾಪುರದಿಂದ. ವಿಳಾಸದಾರರು ಸ್ವೀಕರಿಸಲು ನಿರಾಕರಿಸಿದ್ದಾರೆ. ತಮಗೆ ತಾಯಿ ಇಲ್ಲ ಎನ್ನುತ್ತಾರೆ.

"ಇಲ್ಲೀ ತನಕ ಇಲ್ಲ, ಇಲ್ಲ ಅಂತಿತ್ತು. ಇದು ಬ್ಯಾರೆ ಐತಲ್ರಿ" ಎಂದ ಶಿವಯೋಗಪ್ಪ. ದನಿಯಲ್ಲಿ ತಮಾಷೆ ಇರಲಿಲ್ಲ. "ಯಾರ್ರಿ ಸಾಬ್ರೆ ಆಕಿ? ನನ್ನ ಮುಂದ ಹೇಳಾಕ ಏನು. ನಾನೂ ಮಕ್ಕಳೊಂದಿಗ."

"ಯಾರೂ ಅಲ್ರಿ."

ಶಿವಯೋಗಪ್ಪ ಎದ್ದು ಹೋಗಿ ಕಾಗದವನ್ನು ಮೊಳೆಗಂಬಿಗೆ ಚುಚ್ಚಿದ. ಚುಚ್ಚುವಾಗ ಆದ ಸಣ್ಣ ಪಟ್ ಎನ್ನುವ ಸದ್ದು ಜಮಾಲ್ ಸಾಬನ ಕತ್ತಿನ ಹಿಂದೆ ಆದಂತಾಯಿತು. ಅವನು ಕೊಲ್ಲಾಪುರಕ್ಕೆ ಬಡಿದದ್ದು ಯಾವಾಗ? ಕಳೆದ ತಿಂಗಳೋ, ಕಳೆದ ವರ್ಷವೋ. ಬೆರಳಿಗೆ ಲೆಕ್ಕವಿಲ್ಲ. ಅಷ್ಟು ದಿನ ಆ ಮಾತು ಎಲ್ಲಿ ನಿಂತಿತ್ತು? ನೀರೊಳಗೆ ನಿಂತಿತ್ತೆ? ಅಲ್ಲೊಬ್ಬಳು ಹೆಂಗಸು, ಮುಖ ಮಾತ್ರ ಕಾಣುತ್ತಿಲ್ಲ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಬಟವಾಡೆಯವನು ಚಾಚಿದ ಕಾಗದವನ್ನು ಮುಟ್ಟದೆ, ನಂಗೆ ತಾಯಿ ಇಲ್ಲ ಎನ್ನುತ್ತಾಳೆ. ಅಂಗೈ ಅಡ್ಡ ಹಿಡಿಯುತ್ತಾಳೆ. ಅದರಲ್ಲಿ ಮೆಹಂದಿ ಇದೆಯೋ ಇಲ್ಲವೋ, ಅವನು ಎಷ್ಟು ಕಣ್ಣು ಕಿರಿದು ಮಾಡಿದರೂ ಗೊತ್ತಾಗುತ್ತಿಲ್ಲ.

ಆ ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯ ರಹಮತ್ ಬೀ ಇವನನ್ನು ಕಂಡು ಸೆರಗು ಎಳೆದುಕೊಂಡು ಸರ್ರನೆ ಹೊರಗೆ ಹೋದಳು. ಅವಳ ತಮ್ಮನೇ ಕಚೇರಿಯಲ್ಲಿ ಬಟವಾಡೆಯವನು; ಹಾಲೇಶಪ್ಪನಿಗೆ ಹೇಳಿದ್ದು ಅವನ ಬಾಯಿಂದ ಮನೆಗೆ ಮುಟ್ಟಿದೆಯೆಂದು ಅಷ್ಟಕ್ಕೇ ತಿಳಿಯಿತು. ಬಿಲ್ಕೀಸ್ ಅಡಿಗೆಮನೆಯಿಂದ ಹೊರಗೆ ಬರಲೇ ಇಲ್ಲ. ಶಹರ್ಬಾನು ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ಅವಳ ಮುಖ ಊದಿ ನುಣ್ಣಗಾಗಿ, ಎಷ್ಟೋ ವರ್ಷ ಹಿಂದಿನ ಬಾಣಂತಿಯ ಮುಖವಾಗಿತ್ತು.

"ಎಷ್ಟು ವರ್ಷದಿಂದ?" ಎಂದು ಕೇಳಿದಳು.

ಅವನು ನಿಂತೇ ಇದ್ದ.

"ಕೂಡ್ರಿ. ನಿಂತ್ರೆ ನಾನು ಕತ್ತೆತ್ತಿ ಮಾತಾಡಬೇಕು, ಉಸಿರು ಸಾಲಂಗಿಲ್ಲ." ಅವನು ಕೂತ ಮೇಲೆ ಹೇಳಿದಳು, "ನಾನು ಆ ಹೆಸರು ನಮಾಜಿನಾಗೂ ತಗಂಡಿಲ್ಲ, ದುವಾದಾಗ ಬರೀ 'ಆಕಿ' ಅಂತೀನಿ. ನೀವು ಅದನ್ನ ದಿನಾ ಬಡದ್ರಿ? ಕಬ್ಬಿಣದ ಮ್ಯಾಲೆ?"

"ಕೈಗೆ ಅದೇ ಬರ್ತಿತ್ತು, ಬಾನು."

"ನಾನು ಸಾಯಾಕ ಹತ್ತೀನಿ ಅಂತ ಬಡದ್ರಂತೆ."

"ಅದು ಸುಮ್ನೆ... ಎಲ್ರೂ ಕೊಡೋ ತಂತಿ ಅದು."

ಅವಳು ತನ್ನ ಊದಿದ ಕಾಲುಗಳ ಕಡೆ ನೋಡಿ ನಕ್ಕಳು. ಆ ನಗೆಗೆ ಅವನು ಸಿದ್ಧನಿರಲಿಲ್ಲ. ಬೈಯುತ್ತಾಳೆ, ಗೋಡೆಗೆ ತಿರುಗಿ ಮಲಗುತ್ತಾಳೆ, ಬಿಲ್ಕೀಸಳ ಎದುರು ತನ್ನ ಮಾನ ತೆಗೆಯುತ್ತಾಳೆ ಎಂದೆಲ್ಲ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದ. ಅವಳು, "ಕಡೇದ್ರಾಗ ಏನ್ ಬಂತು? ರಹಮತ್ ಬೀ ಅದನ್ನ ಮಾತ್ರ ನುಂಗಿದ್ಳು. ಖರೇ ಹೇಳ್ರಿ" ಎಂದಳು. ಅವನು ಹೇಳಿದ. ತಾಯಿ ಇಲ್ಲ ಅಂತಾಳಂತೆ. ಒಳಗೆ ಬಿಲ್ಕೀಸಳ ಕೈಯಿಂದ ಸೌಟು ಬಿತ್ತು.

ಶಹರ್ಬಾನು ಕಣ್ಣು ಮುಚ್ಚಿ ದಿಂಬಿಗೆ ತಲೆಯಿಟ್ಟಳು. ಆಮೇಲೆ, "ಸಿಟ್ಟೈತೆ ಅಂದ್ರೆ ಬದುಕ್ಯಾಳೆ" ಎಂದಳು. "ನೀವು ಬಡದದ್ದೇ ತಪ್ಪು. ತಾಯಿ ಸಾಯ್ತಾಳೆ ಬಾ ಅಂದ್ರೆ ಯಾವ ಮಗಳು ಬರ್ತಾಳೆ, ಇಪ್ಪತ್ತೈದು ವರ್ಷ ಆದಮ್ಯಾಲೆ? ಹೂಳಾಕ ಬರಬೇಕಾ? ನಾನು ಚೆನ್ನಾಗಿದೀನಿ ಅಂತ ಕಳಿಸ್ರಿ. ಬರೋದು ಬ್ಯಾಡ ಅಂತ ಕಳಿಸ್ರಿ. ಚೆನ್ನಾಗಿದೀನಿ ಅಂದ್ರೆ, ಅಷ್ಟು ಚೆನ್ನಾಗಿ ಹೆಂಗಿದೀಯೇ ನನ್ನ ಕಳಿಸಿ ಅಂತ ಜಗಳ ಕಾಯಾಕಾದ್ರೂ ಬರ್ತಾಳೆ."

"ಆ ಲೈನು ಹೊಳ್ಯಾಗ ಬಿದ್ದೈತೆ, ಬಾನು. ನಾನೇ ನೋಡಿ ಬಂದೆ."

"ಬೀಳ್ಲಿ. ಹೊಳೀ ದಾಟಿ ಬ್ಯಾರೆ ಮಾತು ಹೋಗಿ ಬಂದುವಲ್ಲ."

ಮರುದಿನ ಮಧ್ಯಾಹ್ನ ಅವನು ಹಿಂದಿನ ಕೋಣೆಗೆ ಹೋಗಿ ಕೀಯ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿದ. ಊರಿನ ಹೆಸರಾಗಿ ಕೊಲ್ಲಾಪುರ ಬಡಿದ. ಬೆರಳು ಬಿಗಿದು ಒಂದು ಅಕ್ಷರ ತಪ್ಪಿತು. ಅಳಿಸುವ ಸಂಕೇತ ಕೊಟ್ಟು ಮತ್ತೆ ಬಡಿದ. ಇಷ್ಟು ವರ್ಷದಲ್ಲಿ ಆ ಲೈನಿನ ಮೇಲೆ ತಪ್ಪು ತಿದ್ದಿದ್ದು ಅದೇ ಮೊದಲು. ಮದರ್ ವೆಲ್. ಡೋಂಟ್ ಕಮ್. ಅದೂ ಸುಳ್ಳೇ ಎಂದು ಬಡಿಯುತ್ತ ಬಡಿಯುತ್ತ ಅವನಿಗೆ ಹೊಳೆಯಿತು. ಮೊದಲಿನದು ನಿಜವಾದ ಹೊತ್ತಿಗೆ ಅದನ್ನು ಬಿಟ್ಟು ಇನ್ನೊಂದು ಸುಳ್ಳಿಗೆ ಕೈ ಹಾಕಿದ್ದ. ಕಿಟಕಿಯ ಹೊರಗೆ ಮಿಲ್ಲಿನ ಸೈರನ್ ಕೂಗಿ ನಿಂತಿತು. ಸೌಂಡರು ಸುಮ್ಮನಿತ್ತು.

ಅಂದಿನಿಂದ ಅವನು ಸರ್ವಿಸುಗಳಿಗೆ ಹೆದರುವುದನ್ನು ಬಿಟ್ಟು ಕಾಯತೊಡಗಿದ. ಟೆಲಿಪ್ರಿಂಟರಿನ ಗಂಟೆ ಹೊಡೆದಾಗಲೆಲ್ಲ ಎದ್ದು ಓಡುವವನು ಈಗ ಅವನೇ. ರಾಣೆಬೆನ್ನೂರಿನ ದಲ್ಲಾಳಿಯ ಮನೆಗೆ ಬೀಗ. ಬಳ್ಳಾರಿಯಲ್ಲಿ ಯಾರೋ ಊರು ಬಿಟ್ಟಿದ್ದಾರೆ. ಅವನ ಹೆಸರಿನದು ಇಲ್ಲ. ಮುಟ್ಟಿದ ತಂತಿಗೆ ಸುದ್ದಿ ಬರುವುದಿಲ್ಲ. ಮುಟ್ಟದ್ದಕ್ಕೆ ಮಾತ್ರ ಬರುತ್ತದೆ. ಕಚೇರಿಯ ಪದ್ಧತಿಯೇ ಅದು. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಕೇಳುವಳು, "ವಾಪಸ್ ಬಂತಾ?" "ಇಲ್ಲ." "ಹಂಗಾದ್ರೆ ತಗಂಡ್ಳು," ಎಂದು ಶಹರ್ಬಾನು ತುಟಿಯೊಳಗೇ ನಗುವಳು. ಬಿಲ್ಕೀಸಳಿಗೆ ತಲೆ ಬಾಚಲು ಹೇಳುವಳು. ಪೆಟ್ಟಿಗೆಯಿಂದ ಹಸಿರು ಹೊದಿಕೆ ತೆಗೆಸಿ ಬಿಸಿಲಿಗೆ ಹಾಕಿಸಿದಳು. ಒಮ್ಮೆ, "ಆಕಿಗೆ ಬದನೀಕಾಯಿ ಸೇರ್ತಿರಲಿಲ್ಲ, ನೆನಪೈತಾ ನಿಮಗೆ?" ಎಂದಳು. ಅವನಿಗೆ ನೆನಪಿರಲಿಲ್ಲ. ಹೂಂ ಎಂದ. ಮನಸ್ಸಿನ ಇನ್ನೊಂದು ತುದಿಯಲ್ಲಿ ಅವನಿಗೆ ಗೊತ್ತಿತ್ತು: ಮುಟ್ಟಿದ ತಂತಿಯ ಮೌನಕ್ಕೂ ಸತ್ತ ಲೈನಿನ ಮೌನಕ್ಕೂ ಕೇಳಿಸುವುದರಲ್ಲಿ ವ್ಯತ್ಯಾಸವಿಲ್ಲ. ಇದನ್ನು ಅವಳಿಗೆ ಹೇಳಬೇಕಾದದ್ದು ನ್ಯಾಯವೋ ಅನ್ಯಾಯವೋ ತಿಳಿಯದೆ, ದಿನಾ ಇಲ್ಲ ಎಂಬ ಒಂದೇ ಮಾತನ್ನು ತಂದು ಅವಳ ಹಾಸಿಗೆಯ ಬಳಿ ಇಡುತ್ತಿದ್ದ. ಆ ಇಲ್ಲದ ಮೇಲೇ ಅವಳು ಬದುಕಿದ್ದಳು. ಶುಕ್ರವಾರ ಬೆಳಿಗ್ಗೆ ಅವನು ನಮಾಜಿಗೆಂದು ವಜೂ ಮಾಡಿ ಒಳಗೆ ಬಂದಾಗ ಅವಳ ಬಾಯಿಗೆ ಕಿವಿಯಿಟ್ಟು ಬಿಲ್ಕೀಸ್ ಕೂತಿದ್ದಳು. ಗಿಡ್ಡ ಇಲ್ಲ, ಉದ್ದ ಇಲ್ಲ. "ವಾಪಸ್ ಬಂತಾ ಕೇಳು ಅಂದ್ಳಬ್ಬಾ, ಈಗಿನ್ನೂ," ಎಂದಳು ಬಿಲ್ಕೀಸ್, ಅಳದೆ.

ಅವಳ ನಲವತ್ತನೆಯ ದಿನದ ಫಾತೇಹಾ ಮುಗಿಸಿ ಕಚೇರಿಗೆ ಹೋದ ದಿನ ಎಲ್ಲರೂ ಅವನೊಂದಿಗೆ ಸಣ್ಣ ದನಿಯಲ್ಲಿ ಮಾತಾಡಿದರು. ಮೊಳೆಗಂಬಿ ಬರಿದಾಗಿತ್ತು, ಶಿವಯೋಗಪ್ಪ ಆ ಕಾಗದಗಳನ್ನೆಲ್ಲ ಯಾರಿಗೂ ಹೇಳದೆ ತೆಗೆದುಹಾಕಿದ್ದ. ಮಧ್ಯಾಹ್ನ ಹಾಲೇಶಪ್ಪ ತಿರುಪುಳಿ ಹಿಡಿದುಕೊಂಡು ಬಂದ. ಹಿಂದಿನ ಕೋಣೆಯನ್ನು ಸುಣ್ಣ ಬಳಿದು ದಾಸ್ತಾನಿಗೆ ಮಾಡಬೇಕಂತೆ, ಗಾತ್ರಿ ಲೈನಿನ ಸಾಮಾನು ಬಿಚ್ಚಿ ಕೊಡಬೇಕಂತೆ. "ನೀವ ಒಂದ್ಸಲ ಕೈ ಹಚ್ಚಿ ಬಿಡ್ರಿ ಸಾಬ್ರೆ, ನಿಮ್ಮ ಕೈ ಪಳಗಿದ್ದು," ಎಂದ. ಶಿವಯೋಗಪ್ಪನೂ ಹಿಂದೆಯೇ ಬಂದ; ಮೂವರೂ ಕಿಟಕಿಯ ಬಳಿ ನಿಂತರು. ಹಾಲೇಶಪ್ಪ ಮೊದಲನೆಯ ತಿರುಪಿಗೆ ಬಾಗಿದಾಗ ಸೌಂಡರು ಒಂದು ಸಲ ಟಕ್ ಎಂದಿತು.

"ಏ, ಕೈ ತಾಗಿಸಿದ್ಯೇನೋ," ಎಂದ ಶಿವಯೋಗಪ್ಪ.

"ಇಲ್ರಿ, ನಾನಿನ್ನೂ ಮುಟ್ಟೇ ಇಲ್ಲ. ಗಾಳಿಗೆ ಇರಬೇಕು."

ಗಾಳಿ ಇರಲಿಲ್ಲ. ಅದು ಮತ್ತೆ ಬಡಿಯಿತು. ನಿಂತಿತು. ಮತ್ತೆ. ಉಳಿದಿಬ್ಬರಿಗೆ ಅದು ಹಿತ್ತಾಳೆಯ ತುಂಡು ಅಲುಗುವ ಸದ್ದು. ಜಮಾಲ್ ಸಾಬನ ಕಿವಿ ಅವನನ್ನು ಕೇಳದೆಯೇ ಓದತೊಡಗಿತು. ನಿಧಾನದ ಕೈ, ಹೊಸದಾಗಿ ಕಲಿತವರ ಕೈ, ಒಂದೊಂದು ಅಕ್ಷರದ ನಂತರ ಸರಿಯಾಯಿತೆ ಎಂದು ತಡೆದು ನೋಡುವ ಕೈ. ಮೊದಲು ಈ ಕಚೇರಿಯನ್ನು ಕರೆಯಿತು. ಆಮೇಲೆ ವಿಳಾಸ. ಅವನು ಜೇಬಿನಿಂದ ಪೆನ್ಸಿಲು ತೆಗೆದು ಕಿಟಕಿಯ ಹಲಗೆಯ ಮೇಲೇ ಬರೆದುಕೊಂಡ, ಅರ್ಥಕ್ಕೆ ಕಾಯದೆ, ಜೀವಮಾನವೆಲ್ಲ ಬರೆದುಕೊಂಡ ಹಾಗೆ. ಶಹರ್ಬಾನು, ವಿನೋಬನಗರ, ದಾವಣಗೆರೆ. ತನ್ನ ಹೆಸರಿರಲಿಲ್ಲ. ಸುದ್ದಿ ಒಂದೇ ಶಬ್ದ: ಸ್ಟಾರ್ಟಿಂಗ್. ಕೆಳಗೆ ಕಳಿಸಿದವರ ಹೆಸರು ಬಡಿಯುವಾಗ ಆ ಕೈ ತಡವರಿಸಲಿಲ್ಲ. ಅದೊಂದು ಅದಕ್ಕೆ ಚೆನ್ನಾಗಿ ಬರುತ್ತಿತ್ತು. ಕೊನೆಗೆ, ಮುಟ್ಟಿತೆ ಎಂದು ಕೇಳುವ ಸಂಕೇತ.

"ಏನ್ರಿ ಸಾಬ್ರೆ, ಮಾರಿ ಹಿಂಗ್ಯಾಕಾತು? ಕೂಡ್ರಿ, ಕೂಡ್ರಿ," ಎಂದು ಶಿವಯೋಗಪ್ಪ ಭುಜ ಹಿಡಿದ. ಅವನು ಕೂತ, ಕೀಯ ಎದುರಿಗೆ. ಏನು ಮಾಡಬೇಕೆಂಬುದು ಯಾವ ಹೊಸ ಗುಮಾಸ್ತನಿಗೂ ಗೊತ್ತು. ವಿಳಾಸದಾರರು ಇದ್ದರೆ ಮುಟ್ಟಿತು ಎನ್ನಬೇಕು. ಇಲ್ಲದಿದ್ದರೆ ಕಾರಣ ಕೊಟ್ಟು ಹಿಂದಕ್ಕೆ ಕಳಿಸಬೇಕು, ಬಟವಾಡೆಯಾಗಿಲ್ಲ ಎಂದು. ಕಾರಣ ಅವನಲ್ಲಿತ್ತು, ಆ ಲೈನಿನ ಮೇಲೆ ಬಡಿಯಲು ಅವನಲ್ಲಿದ್ದ ಮೊದಲ ನಿಜ ಅದೇ. ಅದನ್ನು ಬಡಿದರೆ ಹೊರಟವಳು ಅಲ್ಲೇ, ಎಲ್ಲಿದ್ದಾಳೋ ಅಲ್ಲೇ, ನಿಲ್ಲುತ್ತಾಳೆ. ಮುಟ್ಟಿತು ಎಂದು ಬಡಿದರೆ ಜಗಳಕ್ಕೆಂದು ಬಂದು, ಬಾಗಿಲಲ್ಲಿ ನಿಂತು, ತಾಯಿಯನ್ನು ಕೇಳುತ್ತಾಳೆ. ಆಗ ಹೇಳಬೇಕಾದವನೂ ಅವನೇ. ಸೌಂಡರು ಮತ್ತೊಮ್ಮೆ, ಇನ್ನೂ ನಿಧಾನವಾಗಿ, ಕೇಳಿತು: ಮುಟ್ಟಿತೆ?

ಅವನು ಬಿಗಿದ ಬೆರಳನ್ನು ಎಡಗೈಯಿಂದ ಎತ್ತಿ ಕೀಯ ಮೇಲಿಟ್ಟ. ಹಾಲೇಶಪ್ಪ ತಿರುಪುಳಿಯನ್ನು ಎದೆಗೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಿದ್ದ. ನಿಜವೂ ಬರಲಿಲ್ಲ, ಸುಳ್ಳೂ ಬರಲಿಲ್ಲ. ಬೆರಳಿಗೆ ಬಂದದ್ದು ಸಾಲು ತುಂಬಿದಾಗ, ಕಾಗದ ಮುಗಿದಾಗ ದಿನವೂ ಬಡಿಯುವ ಸಣ್ಣ ಸಂಕೇತ, ಎಲ್ಲ ಕಚೇರಿಗಳೂ ಬಲ್ಲದ್ದು: ತಡಿ.

ಆ ಕಡೆ ತಡೆಯಿತು.